ಫ್ಯಾಮಿಲಿ ರೂಮಿನ ಪರದೆ

ಮಾಟುಂಗಾ ಸ್ಟೇಷನ್ ಬಳಿಯ ರಾಮ ನಾಯಕರ ಹೋಟೇಲಿಗೆ ಬಾಳೆಎಲೆ ಊಟಕ್ಕೆಂದು ನಾವೆಲ್ಲ ಭಾನುವಾರ ಮನೆಮಂದಿ ಸಮೇತ ಹೋಗಿ ಸಾಲು ನಿಲ್ಲುತ್ತೇವೆ. ಆದರೆ ಅದರ ಪೂರ್ತಿ ಹೆಸರು ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಎಂಬುದನ್ನು ಎಷ್ಟು ಮಂದಿ ಗಮನಿಸಿದ್ದೇವೆ? ಎ. ರಾಮ ನಾಯಕರು ಅದನ್ನು ಆರಂಭಿಸಿದ್ದು 1942ರಲ್ಲಿ. ಬೋರ್ಡಿಂಗ್ ಎಂದರೆ ಆಗಿನ ಮುಂಬಯಿಯಲ್ಲಿ ಮನೆ-ಸಂಸಾರ ಊರಲ್ಲಿ ಬಿಟ್ಟು ಬಂದ ಗಂಡಸರ ದಿನನಿತ್ಯದ ಊಟದ ಜಾಗ. ಖುಷಿಗಾಗಿ ಹೊರಗೆ ಊಟ ಮಾಡುವುದು ಎಂಬ ಮಾತೇ ಅಲ್ಲಿರಲಿಲ್ಲ. ಕೂತು, ಉಂಡು, ಎದ್ದು ಹೋಗಬೇಕು. ಹಿಂದೆ ಇನ್ನೊಬ್ಬ ಕಾಯುತ್ತಿರುತ್ತಾನೆ.

ಒಳಗೆ ದುಡಿಯುವವರೂ ಗಂಡಸರೇ. ಅಡುಗೆ ಭಟ್ಟರು, ಸಪ್ಲೈಯರ್, ಕ್ಲೀನರ್ ಹುಡುಗ, ಗಲ್ಲಾದಲ್ಲಿ ಧಣಿ. ಹುಡುಗರು ಹಗಲೆಲ್ಲ ಮೇಜು ಒರೆಸಿ, ಸಂಜೆ ಕನ್ನಡ ರಾತ್ರಿಶಾಲೆಗೆ ಓಡಿ, ಮರಳಿ ಬಂದು ಅದೇ ಮೇಜಿನ ಮೇಲೆ ಮಲಗಿದ ಕಥೆ ನಮ್ಮ ಸ್ಮರಣ ಸಂಚಿಕೆಗಳಲ್ಲಿ ಬೇಕಾದಷ್ಟು ಬಂದಿದೆ. ಬರಬೇಕಾದದ್ದೇ. ಆದರೆ ಆ ಸಾರು, ಹುಳಿ, ಗೊಜ್ಜಿನ ರುಚಿಯ ಮೂಲವಾದ ತುಳುನಾಡಿನ ಅಡುಗೆಮನೆಯ ಹೆಂಗಸರು ಆ ಕಥೆಗಳಲ್ಲಿ 'ತಾಯಿಯ ಕೈರುಚಿ' ಎಂಬ ಒಂದು ಸಾಲಿನಲ್ಲಿ ಮುಗಿದುಹೋಗುತ್ತಾರೆ. ನಮ್ಮಜ್ಜ ಫೋರ್ಟಿನ ಹೋಟೇಲೊಂದರಲ್ಲಿ ವರ್ಷಗಟ್ಟಲೆ ದುಡಿದರು. ಊರಲ್ಲಿದ್ದ ಅಜ್ಜಿಗೆ ತಲುಪಿದ್ದು ಮನಿಯಾರ್ಡರು ಮಾತ್ರ. ಆ ಹೋಟೇಲಿನ ಒಂದು ಲೋಟ ಚಹಾ ಕೂಡ ಅವರು ಕುಡಿದವರಲ್ಲ.

ಹೆಂಡತಿ ಮಕ್ಕಳು ಮುಂಬಯಿಗೆ ಬಂದು ಚಾಳುಗಳಲ್ಲಿ ಸಂಸಾರ ಹೂಡಿದ ಮೇಲೆ ಹೆಂಗಸರೂ ಹೋಟೇಲಿನ ಮೆಟ್ಟಿಲು ಹತ್ತಿದರು. ಅವರಿಗಾಗಿ ಇದ್ದದ್ದು ಫ್ಯಾಮಿಲಿ ರೂಮ್. ಇರಾನಿ ಹೋಟೇಲುಗಳಲ್ಲೂ ಅದಿತ್ತು. ಒಂದು ಮೂಲೆ, ಮರದ ಅಡ್ಡ, ಅದಕ್ಕೊಂದು ಪರದೆ. ನಾಲ್ಕು ಜನ ನೋಡುವಂತೆ ಹೆಂಗಸು ಕೂತು ತಿನ್ನುವುದು ಮರ್ಯಾದೆಗೆ ಒಗ್ಗದ ಕಾಲವದು.

ಆಫೀಸಿನ ಕೆಲಸದ ಮೇಲೆ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿದ್ದಾಗ ಸಪ್ಪರ್ ಕ್ಲಬ್ ಎಂಬ ಹಳೆಯ ಮಾದರಿಯ ಹೋಟೇಲಿಗೆ ಹೋಗಿದ್ದೆ. ಹೆಸರಿಗಷ್ಟೇ ಕ್ಲಬ್, ಯಾರು ಬೇಕಾದರೂ ಹೋಗಬಹುದು. ಅಲ್ಲಿನ ಪಾನನಿಷೇಧ 1933ರಲ್ಲಿ ರದ್ದಾದ ಮೇಲೆ ಹೆದ್ದಾರಿ ಬದಿಗಳಲ್ಲಿ ಇವು ಹೆಚ್ಚಿದವು. ಶುಕ್ರವಾರ ಕರಿದ ಮೀನಿನ ಊಟ. ಅಜ್ಜಿಯಿಂದ ಮೊಮ್ಮಗುವಿನವರೆಗೆ ಎಲ್ಲರೂ ಸಂಜೆಯಿಡೀ ಅಲ್ಲೇ, ಯಾರೂ ಏಳಿಸುವುದಿಲ್ಲ. ಅನೇಕ ಕಡೆ ಗಂಡ ಹೆಂಡತಿ ಇಬ್ಬರೂ ಸೇರಿ ನಡೆಸುವ ವ್ಯಾಪಾರ.

ನಮ್ಮಲ್ಲಿ ಆದದ್ದು ಬೇರೆ. 1949ರ ಬಾಂಬೆ ಪಾನನಿಷೇಧ ಕಾಯ್ದೆ ಅರುವತ್ತರ ದಶಕದಲ್ಲಿ ಸಡಿಲವಾಗಿ 'ಪರ್ಮಿಟ್ ರೂಮ್' ಬೋರ್ಡುಗಳು ಬಂದವು. ಊರಿನ ಶೆಟ್ಟರು ಈ ವ್ಯಾಪಾರದಲ್ಲಿ ಮೇಲೆ ಬಂದರು. 1974ರ ಭೂಸುಧಾರಣೆಯಿಂದ ಗದ್ದೆ ಕಳಕೊಂಡ ಮನೆತನಗಳ ಹುಡುಗರಿಗೂ ಆಸರೆಯಾಯಿತು. ಆದರೆ ಬಾರ್ ಇದ್ದಲ್ಲಿಗೆ ಮನೆ ಹೆಂಗಸರು ಹೋಗುವುದುಂಟೇ? ಗಂಡನ ಸ್ವಂತ ಹೋಟೇಲನ್ನು ಒಳಹೊಕ್ಕು ನೋಡದ ಹೆಂಡತಿಯರು ಎಷ್ಟೋ ಮಂದಿ.

ನಮ್ಮ ಭಾಂಡುಪ್‌ನಲ್ಲಿ ಸಿಯೆಟ್, ಜಿಕೆಡಬ್ಲ್ಯೂ, ಏಷ್ಯನ್ ಪೇಂಟ್ಸ್ ಕಾರ್ಖಾನೆಗಳ ಭೋಂಗಾ ಕೂಗುತ್ತಿದ್ದ ಕಾಲದಲ್ಲಿ ಹೋಟೇಲುಗಳು ಶಿಫ್ಟಿನ ಲೆಕ್ಕದಲ್ಲಿ ತುಂಬುತ್ತಿದ್ದವು, ರೈಸ್ ಪ್ಲೇಟಿಗೆ. ಅಮ್ಮ ಮದುವೆಯಾಗಿ ಇಲ್ಲಿಗೆ ಬಂದದ್ದು 1985ರಲ್ಲಿ. ಬಂದ ಎರಡನೇ ತಿಂಗಳು, ಸಂಬಳದ ದಿನ, ಅಪ್ಪ ಸ್ಟೇಷನ್ ಹತ್ತಿರದ ಹೋಟೇಲಿಗೆ ಕರೆದೊಯ್ದರಂತೆ. ಪರದೆಯೊಳಗೆ ಫ್ಯಾನ್ ಇಲ್ಲ, ಸೆಖೆ. "ಮಸಾಲೆ ದೋಸೆ ತಿಂದದ್ದಕ್ಕಿಂತ, ತಿಂದ ಪ್ಲೇಟು ನಾನು ತೊಳೆಯಬೇಕಿಲ್ಲವಲ್ಲ ಅಂತ ಖುಷಿ" ಎನ್ನುತ್ತಾರೆ ಅಮ್ಮ. ಈ ಮಾತು ಯಾವ ಹೋಟೇಲಿನ ಚರಿತ್ರೆಯಲ್ಲೂ ನಾನು ಓದಿಲ್ಲ.

ಈಗ ಪರದೆ ಹೋಗಿದೆ. ಎ.ಸಿ. ಹಾಲ್ ಬಂದಿದೆ, ಆಫೀಸಿನಿಂದ ಬರುತ್ತ ನಾನೊಬ್ಬಳೇ ಕೂತು ಇಡ್ಲಿ ತಿಂದರೆ ಯಾರೂ ತಿರುಗಿ ನೋಡುವುದಿಲ್ಲ. ಗಲ್ಲಾದ ಹಿಂದೆ ಮಾತ್ರ ನನಗೆ ಈಗಲೂ ಹೆಚ್ಚಾಗಿ ಕಾಣುವುದು ಗಂಡಸರೇ.

ನಮ್ಮ ಮಹಿಳಾ ವಿಭಾಗದ ಹಿರಿಯಕ್ಕಂದಿರಲ್ಲಿ ಒಂದು ಕೋರಿಕೆ. ನೀವು ಮೊದಲ ಸಲ ಹೋಟೇಲಿನಲ್ಲಿ ಕೂತು ತಿಂದದ್ದು ಯಾವಾಗ, ಯಾರ ಜೊತೆ, ಏನು ತಿಂದಿರಿ? ಮುಂದಿನ ಸಂಚಿಕೆಗೆ ಬರೆದು ಕೊಡಿ. ಬರೆಯಲು ಬೇಸರವಾದರೆ ಫೋನಿನಲ್ಲಿ ಹೇಳಿದರೂ ಸಾಕು, ನಾನು ಟೈಪ್ ಮಾಡಿಕೊಳ್ಳುತ್ತೇನೆ.