ಡಿಜಿಟಲ್ ಮಿಕ್ಸರ್‌ನಲ್ಲಿ ಇನ್‌ಪುಟ್ ಚಾನೆಲ್‌ಗಳ ಮರುಜೋಡಣೆ

ಸಾಮಾನ್ಯ ಅನಲಾಗ್ ಮಿಕ್ಸರ್‌ನಲ್ಲಿ 3ನೇ ಸಾಕೆಟ್‌ಗೆ ಹಾಕಿದ ಮೈಕ್ 3ನೇ ಫೇಡರ್‌ಗೇ ಬರುತ್ತದೆ. ಡಿಜಿಟಲ್ ಮಿಕ್ಸರ್‌ನಲ್ಲಿ ಹಾಗಲ್ಲ. ಯಾವ ಸಾಕೆಟ್‌ನ ಧ್ವನಿ ಯಾವ ಚಾನೆಲ್‌ಗೆ ಬರಬೇಕೆಂಬುದನ್ನು ನಾವೇ ಪರದೆಯ ಮೇಲೆ ನಿರ್ಧರಿಸಬಹುದು. ಇದನ್ನೇ ರೂಟಿಂಗ್ ಎನ್ನುತ್ತಾರೆ. 2012ರಲ್ಲಿ ಮಾರುಕಟ್ಟೆಗೆ ಬಂದ, 32 ಮೈಕ್ ಸಾಕೆಟ್‌ಗಳಿರುವ ಬೆಹ್ರಿಂಗರ್ ಎಕ್ಸ್32 ಮಿಕ್ಸರನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ.

ಮೊದಲು ಒಂದು ಮಾತು ನೆನಪಿರಲಿ. ಗೇನ್ ಮತ್ತು 48 ವೋಲ್ಟ್ ಫ್ಯಾಂಟಮ್ ವಿದ್ಯುತ್ ಸಾಕೆಟ್‌ಗೆ ಸೇರಿದವು. ಈಕ್ವಲೈಸರ್, ಕಂಪ್ರೆಸರ್, ಫೇಡರ್ ಚಾನೆಲ್‌ಗೆ ಸೇರಿದವು. ಮರುಜೋಡಣೆ ಮಾಡಿದಾಗ ಚಾನೆಲ್‌ನ ಹೊಂದಾಣಿಕೆ ಹಾಗೆಯೇ ಉಳಿಯುತ್ತದೆ, ಗೇನ್ ಮಾತ್ರ ಹೊಸ ಸಾಕೆಟ್‌ನದ್ದಾಗುತ್ತದೆ. ಇದನ್ನು ಮರೆತರೆ ಪೂಜೆಯ ನಡುವೆ ಸ್ಪೀಕರ್ ಕಿರುಚುತ್ತದೆ, ಇಲ್ಲವೇ ವಾಚನ ಯಾರಿಗೂ ಕೇಳಿಸುವುದಿಲ್ಲ.

ವಾಚನಪೀಠದ ಮೈಕ್ ಇರುವ 3ನೇ ಸಾಕೆಟ್ ಕೆಟ್ಟಿದೆ, 12ನೆಯದು ಖಾಲಿ ಇದೆ ಎಂದುಕೊಳ್ಳೋಣ. ಆಗ ಹೀಗೆ ಮಾಡಬೇಕು:

1. ಚಾನೆಲ್ 3 ಮತ್ತು 12 ಎರಡನ್ನೂ ಮ್ಯೂಟ್ ಮಾಡಿರಿ.
2. ಚಾನೆಲ್ 12ನ್ನು ಆರಿಸಿ, ಗೇನ್ ಪೂರ್ತಿ ಇಳಿಸಿ, 48 ವೋಲ್ಟ್ ಬಂದ್ ಇದೆಯೇ ನೋಡಿ. ನಂತರ ಕೇಬಲನ್ನು 12ನೇ ಸಾಕೆಟ್‌ಗೆ ಹಾಕಿರಿ.
3. ಚಾನೆಲ್ 3ನ್ನು ಆರಿಸಿ, ಹೋಮ್ ಪರದೆಯ ಕಾನ್ಫಿಗ್ ಪುಟದಲ್ಲಿ ಸೋರ್ಸ್ ಎಂಬಲ್ಲಿ ಇನ್ 12 ಎಂದು ಆಯ್ಕೆ ಮಾಡಿರಿ.
4. ಕಂಡೆನ್ಸರ್ ಮೈಕ್ ಆಗಿದ್ದರೆ 48 ವೋಲ್ಟ್ ಹಾಕಿರಿ. ಸಾಮಾನ್ಯ ಡೈನಾಮಿಕ್ ಮೈಕ್‌ಗೆ ಅದು ಬೇಡ.
5. ಒಬ್ಬರು ಮಾತನಾಡುತ್ತಿರುವಾಗ ಮೀಟರ್ ನೋಡುತ್ತಾ ಗೇನ್ ಏರಿಸಿ. ಬಳಿಕ ಫೇಡರ್ ಇಳಿಸಿ ಚಾನೆಲ್ 3ರ ಮ್ಯೂಟ್ ತೆಗೆದು, ಫೇಡರನ್ನು ಮೆಲ್ಲಗೆ ಏರಿಸಿರಿ.

ಚಾನೆಲ್ 12 ಮ್ಯೂಟ್ ಆಗಿಯೇ ಇರಲಿ. ಅದೇ ಮೈಕ್ ಅಲ್ಲಿಗೂ ಬರುತ್ತಿರುವುದರಿಂದ, ಎರಡೂ ತೆರೆದರೆ ಧ್ವನಿ ಇಮ್ಮಡಿಯಾಗಿ ಸ್ಪೀಕರ್ ಕಿರುಚಬಹುದು.

ರೂಟಿಂಗ್ ಎಂಬ ಪ್ರತ್ಯೇಕ ಪುಟವೂ ಇದೆ. ಅಲ್ಲಿ 1-8, 9-16 ಹೀಗೆ ಎಂಟೆಂಟರ ಗುಂಪುಗಳೇ ಬದಲಾಗುತ್ತವೆ. ವೇದಿಕೆಯ ಬಳಿ ಎಸ್16ರಂತಹ ಸ್ಟೇಜ್ ಬಾಕ್ಸ್ ಇಟ್ಟು, 16 ಮೈಕ್‌ಗಳನ್ನು ಒಂದೇ ನೆಟ್‌ವರ್ಕ್ ಕೇಬಲ್‌ನಲ್ಲಿ ತರುವಾಗ ಇದು ಬೇಕು. ಒಂದು ಮೈಕ್‌ಗಾಗಿ ಇಲ್ಲಿ ಗುಂಪನ್ನು ಬದಲಿಸಿದರೆ ಉಳಿದ ಏಳೂ ಸ್ಥಾನ ತಪ್ಪುತ್ತವೆ. ಫರ್ಮ್‌ವೇರ್ 4.0ರಿಂದ ಯೂಸರ್ ಇನ್ ಎಂಬ ಸೌಲಭ್ಯ ಬಂದಿದ್ದು, ಒಂದೊಂದನ್ನೂ ಬೇರೆಯಾಗಿ ಜೋಡಿಸಬಹುದು.

ಎಲ್ಲ ಮೈಕ್‌ಗಳೂ ಒಟ್ಟಿಗೇ ಮೌನವಾದರೆ ಮೊದಲು ಈ ಪುಟವನ್ನೇ ನೋಡಿರಿ. ಲ್ಯಾಪ್‌ಟಾಪ್‌ನಲ್ಲಿ ಧ್ವನಿಮುದ್ರಿಸಿದ ಗಾನವೃಂದದ ಅಭ್ಯಾಸವನ್ನು ಕೇಳಿಸಲು ಯಾರಾದರೂ ಇನ್‌ಪುಟ್‌ಗಳನ್ನು ಕಾರ್ಡ್‌ಗೆ ಬದಲಿಸಿ ಹಾಗೆಯೇ ಬಿಟ್ಟಿರಬಹುದು.

ಕೆಲಸ ಮುಗಿದ ಮೇಲೆ ಹೊಸ ಹೆಸರಿನಲ್ಲಿ ಸೀನ್ ಉಳಿಸಿರಿ. ಹಳೆಯ ಸೀನ್ ತೆರೆದರೆ ಹಳೆಯ ಜೋಡಣೆಯೇ ಮರಳಿ ಬರಬಹುದು. ಸಾಕೆಟ್, ಚಾನೆಲ್, ಮೈಕ್ ಈ ಮೂರನ್ನೂ ಒಂದು ಹಾಳೆಯಲ್ಲಿ ಬರೆದು ಮಿಕ್ಸರ್ ಪಕ್ಕ ಅಂಟಿಸಿದರೆ, ಮುಂದಿನ ಭಾನುವಾರ ಬೇರೊಬ್ಬರು ಕುಳಿತರೂ ತೊಂದರೆಯಾಗದು.