ಬೇರೆ ಕಪಾಟಿಗೆ ಸೇರಿದ ಪ್ರೇಮಕಥೆಗಳು

ಅಮೆರಿಕದಲ್ಲಿ ಪ್ರೇಮಕಾದಂಬರಿಗಳು ರಾಶಿಗಟ್ಟಲೆ ಮಾರಾಟವಾಗುತ್ತಿದ್ದ ಕಾಲದಲ್ಲೂ ಕಪ್ಪು ಓದುಗರಿಗೆ ಅವುಗಳಲ್ಲಿ ತಮ್ಮಂಥ ನಾಯಕಿ ಸಿಗುವುದು ಅಪರೂಪವಾಗಿತ್ತು. 1980ರಲ್ಲಿ ಡೆಲ್ ಪ್ರಕಾಶನದ ಸಂಪಾದಕಿ ವಿವಿಯನ್ ಸ್ಟೀಫನ್ಸ್ 'ಎಂಟ್ವೈನ್ಡ್ ಡೆಸ್ಟಿನೀಸ್' ಹೊರತಂದರು. ಬರೆದವರು ಪತ್ರಕರ್ತೆ ಎಲ್ಸೀ ವಾಷಿಂಗ್ಟನ್. ರೊಸಲಿಂಡ್ ವೆಲ್ಸ್ ಎಂಬುದು ಅವರ ಕಾವ್ಯನಾಮ. ನಾಯಕ, ನಾಯಕಿ ಇಬ್ಬರೂ ಕಪ್ಪು ಜನ.

ದೊಡ್ಡ ತಿರುವು ಬಂದದ್ದು 1994ರಲ್ಲಿ. ಕೆನ್ಸಿಂಗ್ಟನ್ ಸಂಸ್ಥೆ ಕಪ್ಪು ಪ್ರೇಮಕಥೆಗಳಿಗೆಂದೇ 'ಅರಬೆಸ್ಕ್' ಮಾಲೆ ಆರಂಭಿಸಿದ್ದೂ ಬೆವರ್ಲಿ ಜೆಂಕಿನ್ಸ್ ಅವರ 'ನೈಟ್ ಸಾಂಗ್' ಪ್ರಕಟವಾದದ್ದೂ ಆ ವರ್ಷವೇ. ಅದರ ನಾಯಕಿ ಕ್ಯಾನ್ಸಸ್‌ನ ಶಾಲಾ ಶಿಕ್ಷಕಿ, ನಾಯಕ ಅಶ್ವದಳದ ಸೈನಿಕ. ಗುಲಾಮಗಿರಿ ಮುಗಿದ ಮೇಲೆ ಕಪ್ಪು ಜನ ಊರು ಕಟ್ಟಿದರು, ಶಾಲೆ ನಡೆಸಿದರು, ಮನಸಾರೆ ಪ್ರೀತಿಸಿದರು ಎಂಬ ಚರಿತ್ರೆಯನ್ನು ಎಷ್ಟೋ ಮಂದಿ ಮೊದಲು ಓದಿದ್ದು ಇಂಥ ಕಾದಂಬರಿಗಳಲ್ಲೇ. ಪುಸ್ತಕದ ಕೊನೆಗೆ ಆಕರಗ್ರಂಥಗಳ ಪಟ್ಟಿ ಕೊಡುವುದು ಜೆಂಕಿನ್ಸ್ ಅವರ ರೂಢಿ. ಪ್ರೇಮಕಥೆಯನ್ನು ಹಗುರವಾಗಿ ಕಾಣುವವರು ಗಮನಿಸಬೇಕಾದ ಶ್ರದ್ಧೆ ಅದು.

ಓದುಗರ ದೂರು ಮಾತ್ರ ನಿಲ್ಲಲಿಲ್ಲ. ಎಷ್ಟೋ ಅಂಗಡಿಗಳು ಈ ಪುಸ್ತಕಗಳನ್ನು ಪ್ರೇಮಕಾದಂಬರಿಗಳ ಸಾಲಿನಲ್ಲಿಡದೆ 'ಆಫ್ರಿಕನ್ ಅಮೆರಿಕನ್' ಕಪಾಟಿಗೆ ಸೇರಿಸುತ್ತಿದ್ದವು. ದೂರು ನ್ಯಾಯವಾದದ್ದೇ: ಪ್ರೇಮಕಥೆ ಹುಡುಕಿ ಬಂದವರು ಆ ಮೂಲೆಗೆ ಹೋಗುವುದಾದರೂ ಹೇಗೆ?

ಪ್ರಶಸ್ತಿಗಳ ಕಥೆಯೂ ಬೇರೆಯಲ್ಲ. ಪ್ರೇಮಕಾದಂಬರಿಕಾರರ ಸಂಘ 1982ರಲ್ಲಿ ಶುರುಮಾಡಿದ, ಮುಂದೆ 'ರೀಟಾ' ಎಂದು ಹೆಸರಾದ ಪ್ರಶಸ್ತಿ ಕಪ್ಪು ಲೇಖಕಿಯರ ಕೈಸೇರಿದ್ದು 2019ರಲ್ಲಿ. ಪಡೆದವರು ಕೆನಡಿ ರಯನ್ ಮತ್ತು ಎಂ. ಮಲೋನ್.