ಅಜ್ಜಿಯ ಉಯಿಲಿನಲ್ಲಿ ಉಳಿದ ಹೆಸರುಗಳು

ನದಿಮೂಲ, ಋಷಿಮೂಲಗಳನ್ನು ಹುಡುಕಬಾರದೆಂದು ಹಿರಿಯರು ಹೇಳುತ್ತಾರೆ. ಆದರೂ ತಮ್ಮ ಮನೆತನದ ಮೂಲವನ್ನು ತಿಳಿಯುವ ಆಸೆ ಎಲ್ಲ ದೇಶದವರಿಗೂ ಇದ್ದದ್ದೇ. ಇಂಗ್ಲೆಂಡಿನ ಚರ್ಚುಗಳು ಜ್ಞಾನಸ್ನಾನ, ವಿವಾಹ, ಶವಸಂಸ್ಕಾರಗಳನ್ನು ಪುಸ್ತಕದಲ್ಲಿ ಬರೆದಿಡಬೇಕೆಂದು ಆಜ್ಞೆಯಾದದ್ದು 1538ರಲ್ಲಿ. ಅದಕ್ಕೂ ಹಿಂದಿನ ಸಂಸಾರಗಳ ಸುದ್ದಿ ಬೇಕಾದವರಿಗೆ ಹಳೆಯ ಉಯಿಲುಗಳೇ ದೊಡ್ಡ ಆಸರೆ.

ಉಯಿಲೆಂದರೆ ಬರಿಯ ಆಸ್ತಿಯ ಪಟ್ಟಿ ಎಂದೇ ನಾನು ಬಹುಕಾಲ ಭಾವಿಸಿದ್ದೆ. ಆ ಭಾವನೆಯನ್ನು ಬದಲಿಸಿದ್ದು ನಾರ್ಫೋಕ್ ಪ್ರಾಂತ್ಯದ ಮಾರ್ಗರೆಟ್ ಪಾಸ್ಟನ್ ಎಂಬಾಕೆಯ ಉಯಿಲು. ಈ ಮನೆತನದವರು ಪರಸ್ಪರ ಬರೆದುಕೊಂಡ ಪತ್ರಗಳು ಇಂಗ್ಲಿಷ್ ಇತಿಹಾಸದಲ್ಲಿ ಸುಪ್ರಸಿದ್ಧ. ಮಾರ್ಗರೆಟ್‌ಳ ಪತಿ 1466ರಲ್ಲಿ ತೀರಿಕೊಂಡ. ಮೂರು ವರ್ಷಗಳ ತರುವಾಯ ಮಗಳು ಮಾರ್ಜರಿ, ತಾನು ಮನೆಯ ಕಾರುಭಾರಿ ರಿಚರ್ಡ್ ಕಾಲ್‌ನನ್ನು ಗುಟ್ಟಾಗಿ ವರಿಸಿರುವುದಾಗಿ ಪಟ್ಟು ಹಿಡಿದಳು. ನಾರ್ವಿಚ್‌ನ ಬಿಷಪ್ ಕರೆಸಿ ವಿಚಾರಿಸಿದರೂ ಆಕೆ ಮಾತು ಬದಲಿಸಲಿಲ್ಲ. ತಾಯಿ ಅವಳಿಗೆ ಮನೆಯ ಬಾಗಿಲನ್ನೇ ಮುಚ್ಚಿದಳು.

1482ರ ಫೆಬ್ರವರಿಯಲ್ಲಿ ಅದೇ ತಾಯಿ ಉಯಿಲು ಬರೆಸಿದಳು. ಅದರಲ್ಲಿ ಮಾರ್ಜರಿಯ ಮಗ ಜಾನ್ ಕಾಲ್‌ನಿಗೆ 24 ವರ್ಷ ತುಂಬಿದಾಗ 20 ಪೌಂಡುಗಳು ಸಲ್ಲಬೇಕು. ಅವನು ಅಷ್ಟರೊಳಗೆ ತೀರಿಹೋದರೆ ತಮ್ಮಂದಿರಾದ ವಿಲಿಯಂ, ರಿಚರ್ಡರು ಅದನ್ನು ಹಂಚಿಕೊಳ್ಳಬೇಕು. ಆ ವೇಳೆಗೆ ಮಾರ್ಜರಿ ಬದುಕಿರಲಿಲ್ಲವೆಂಬುದು ವಿದ್ವಾಂಸರ ಊಹೆ. ವಂಶವೃಕ್ಷ ಬರೆಯುವವನಿಗೆ ಇಲ್ಲಿ ಮೂವರು ಮೊಮ್ಮಕ್ಕಳು ಒಂದೇ ವಾಕ್ಯದಲ್ಲಿ ದೊರೆಯುತ್ತಾರೆ.

ಇನ್ನೊಂದು ಹೆಸರು ಕಾನ್‌ಸ್ಟೆನ್ಸ್. ಮಾರ್ಗರೆಟ್‌ಳ ಹಿರಿಯ ಮಗ ಸರ್ ಜಾನ್ 1479ರಲ್ಲಿ ವಿವಾಹವಿಲ್ಲದೆಯೇ ತೀರಿಕೊಂಡಿದ್ದ. ಅವನ ಅನೌರಸ ಮಗಳಿವಳು. ಅಂದಿನ ಕಾನೂನಿನ ಪ್ರಕಾರ ಅವಳಿಗೆ ತಂದೆಯ ಆಸ್ತಿಯಲ್ಲಿ ಹಕ್ಕಿರಲಿಲ್ಲ. ಅಜ್ಜಿ ಅವಳಿಗೆ 20 ವರ್ಷವಾದಾಗ 10 ಮಾರ್ಕುಗಳನ್ನು, ಅಂದರೆ ಆರೂ ಮುಕ್ಕಾಲು ಪೌಂಡಿಗಿಂತ ತುಸು ಕಡಿಮೆ ಹಣವನ್ನು, ಬರೆದಿಟ್ಟಳು. ಅವಳ ಹುಟ್ಟನ್ನೂ ಮರೆಮಾಚದೆ ಹೇಳಿದಳು.

ಆದರೆ ಇಂಥ ದಾಖಲೆಗಳನ್ನು ಓದುವಾಗ ಎಚ್ಚರ ಬೇಕು. ಅಂದಿನ ಇಂಗ್ಲೆಂಡಿನಲ್ಲಿ ಹೊಸ ವರ್ಷ ಮಾರ್ಚ್ 25ರಂದು ಆರಂಭವಾಗುತ್ತಿತ್ತು. ಅವರ 1481ರ ಫೆಬ್ರವರಿ ನಮ್ಮ ಎಣಿಕೆಗೆ 1482. ‘ಕಸಿನ್’ ಎಂಬ ಪದ ಸೋದರಸಂಬಂಧಿಗೆ ಮಾತ್ರವಲ್ಲದೆ ಇತರ ನೆಂಟರಿಗೂ ಸಲ್ಲುತ್ತಿತ್ತು. 1540ರ ಶಾಸನದವರೆಗೆ, ಕೆಲವು ಪಟ್ಟಣಗಳನ್ನು ಬಿಟ್ಟರೆ, ಭೂಮಿಯನ್ನು ನೇರವಾಗಿ ಉಯಿಲಿನ ಮೂಲಕ ಕೊಡುವಂತಿರಲಿಲ್ಲ. ಅದು ಸಾಮಾನ್ಯವಾಗಿ ಹಿರಿಯ ಮಗನಿಗೆ ತಾನಾಗಿಯೇ ಸೇರುತ್ತಿತ್ತು. ಆದುದರಿಂದ ಉಯಿಲಿನಲ್ಲಿ ಹೆಸರಿಲ್ಲದ ಮಗ ಇರಲೇ ಇಲ್ಲವೆಂದು ತೀರ್ಮಾನಿಸಲಾಗದು.

ಮಾರ್ಗರೆಟ್ 1484ರಲ್ಲಿ ಮರಣ ಹೊಂದಿದಳು. ತನ್ನನ್ನು ತವರೂರಾದ ಮಾಟ್ಬಿಯ ಚರ್ಚಿನಲ್ಲಿ ಹೂಳಬೇಕೆಂದು ಆಕೆ ಬರೆಸಿದ್ದಳು. ಮಗಳ ಮೇಲಿನ ಕೋಪ ಪೂರ್ತಿ ಆರಿತ್ತೇ ಎಂಬುದನ್ನು ಉಯಿಲು ಹೇಳುವುದಿಲ್ಲ. ಆದರೆ ಮಗಳಿಗೆ ಮುಚ್ಚಿದ ಬಾಗಿಲನ್ನು ಮಗಳ ಮಕ್ಕಳಿಗೆ ಆಕೆ ತೆರೆದಳೆಂಬುದಕ್ಕೆ ಆ 20 ಪೌಂಡುಗಳೇ ಸಾಕ್ಷಿ.